ಸೊಂಡಿಲು ಹುಳುಗಳ ಸಮ್ಮುಖಕ್ಕೆ, ಒದೆಲಿನ್‌ಳ ಇಳಿಜಾರಿನ ವಿಷಯವಾಗಿ

ಹಸಿರು ಕವಚದ ಮಹಾಶೂರರೇ, ಸೊಂಡಿಲೆತ್ತಿದರೆ ಗುಡ್ಡವನ್ನೇ ಬೋಳಿಸಬಲ್ಲ ಸುಭಟರೇ, ಶಾಂಬ್ರಿ ಊರಿನ ದ್ರಾಕ್ಷಿತೋಟಗಳ ಸಾರ್ವಭೌಮರಾದ ಮಾನ್ಯ ಸೊಂಡಿಲು ಹುಳುಗಳೇ,

ಇದೇ ಊರಿನ ಪೀಪಾಯಿ ಕಟ್ಟುವ ಪೆರಿನೆ, ಅಂದರೆ ಪ್ರತಿ ಈಸ್ಟರ್‌ಗೆ ಚರ್ಚಿನ ಅಂಗಳದ ನಾಟಕದಲ್ಲಿ ಸೈತಾನನಾಗಿ ಗರ್ಜಿಸಿ ಮೂರು ಹಳ್ಳಿಯ ನಾಯಿಗಳನ್ನು ಬೊಗಳಿಸುವ ನಾನು, ಟೋಪಿ ತೆಗೆದು, ಮಂಡಿಯೂರಿ, ತಮ್ಮ ಸಂಸಾರದ, ಸಂತಾನದ ಹಾಗೂ ಹಸಿವಿನ ಕ್ಷೇಮ ವಿಚಾರಿಸುತ್ತೇನೆ. ತಾವು ಚೆನ್ನಾಗಿದ್ದೀರೆಂಬುದು ಬಳ್ಳಿಗಳನ್ನು ನೋಡಿದರೇ ತಿಳಿಯುತ್ತದೆ. ಆದರೂ ಕೇಳುವುದು ಮರ್ಯಾದೆ.

ಮಾನ್ಯರೇ, ಮೊದಲು ಅಭಿನಂದನೆಗಳು. ಮಠದ ತೋಟವನ್ನು ತಾವು ಎರಡು ವಸಂತ ಬಿಡದೆ ತಿಂದಿರೆಂದು ಮಠದವರು ಬಿಷಪ್ಪರ ನ್ಯಾಯಾಲಯಕ್ಕೆ ಹೋಗಿ, ತಮ್ಮನ್ನು ಶಪಿಸಿ ಧರ್ಮದಿಂದ ಹೊರಹಾಕಬೇಕೆಂದು ದಾವೆ ಹೂಡಿದರಲ್ಲ, ಆ ದಾವೆಯಲ್ಲಿ ತಾವು ನಡೆದುಕೊಂಡ ಗಾಂಭೀರ್ಯವನ್ನು ಊರು ಇನ್ನೂ ಮರೆತಿಲ್ಲ. ನ್ಯಾಯಾಲಯದ ಡಂಗುರದವನು ಬಳ್ಳಿಗಳ ನಡುವೆ ನಿಂತು ತಮ್ಮನ್ನು ಮೂರು ಸಲ ಕೂಗಿ ಕರೆದ. ತಾವು ಹೋಗಲಿಲ್ಲ. ನಮ್ಮಲ್ಲೊಬ್ಬ ಹಾಗೆ ಮಾಡಿದ್ದರೆ ಸಂಜೆಯೊಳಗೆ ಅವನ ಕಿವಿ ಕಂಬಕ್ಕೆ ಮೊಳೆ ಹೊಡೆಸಿಕೊಂಡಿರುತ್ತಿತ್ತು. ತಮಗಾದರೋ ನ್ಯಾಯಾಲಯದ ಖರ್ಚಿನಲ್ಲೇ ವಕೀಲರು ಬಂದರು! ಆ ಆನ್ಸೆಲ್ಮ್ ಪಂಡಿತರು ಕಪ್ಪು ನಿಲುವಂಗಿಯ ತೋಳು ಬೀಸಿ, ನನ್ನ ಕಕ್ಷಿದಾರರು ಸದ್ಯ ಮೊಟ್ಟೆಯಿಡುತ್ತಿದ್ದಾರೆ, ಬಾಣಂತಿಯರನ್ನು ಕಟಕಟೆಗೆ ಎಳೆಯುವುದು ಯಾವ ಧರ್ಮ ಎಂದು ಕೇಳಿದಾಗ ನ್ಯಾಯಾಧೀಶರ ಕಣ್ಣೇ ಒದ್ದೆಯಾಯಿತು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ನಿಂತಿದ್ದ ಒದೆಲಿನ್‌ಳ ಕಣ್ಣು ಮಾತ್ರ ಒಣಗಿಯೇ ಇತ್ತು. ಆಕೆ ಎರಡನೆಯ ಮಗಳನ್ನು ಹೆತ್ತ ಮೂರನೆಯ ದಿನವೇ ಮಠದ ಗೋಧಿ ಕೊಯ್ಯಲು ಬಿಟ್ಟಿ ಚಾಕರಿಗೆ ಹೋದವಳು.

ಪಂಡಿತರು ಅಷ್ಟಕ್ಕೇ ನಿಲ್ಲಲಿಲ್ಲ. ದೇವರು ಹರಿದಾಡುವ ಜೀವಿಗಳನ್ನು ಮನುಷ್ಯನಿಗಿಂತ ಮೊದಲೇ ಸೃಷ್ಟಿಸಿದ್ದರಿಂದ ಎಲೆಯ ಮೇಲೆ ಮೊದಲ ಹಕ್ಕು ಹಿರಿಯರಾದ ತಮ್ಮದೇ ಎಂದು ಸಾಧಿಸಿದರು. ಕೊನೆಗೆ ರಾಜಿಯಾಯಿತು: ತಾವು ಮಠದ ತೋಟವನ್ನು ಬಿಟ್ಟು ಹೊರಡಬೇಕು, ಬದಲಿಗೆ ತಮ್ಮ ವಾಸಕ್ಕೆ ಬೇರೊಂದು ನೆಲ ಕೊಡಬೇಕು. ಮಠಕ್ಕಿರುವ ನೆಲವನ್ನು ಒಂದು ದಿನದಲ್ಲಿ ಕುದುರೆಯೂ ಸುತ್ತಲಾರದು. ಆದರೂ ಅವರಿಗೆ ಕಂಡದ್ದು ಒದೆಲಿನ್‌ಳ ದಕ್ಷಿಣದ ಇಳಿಜಾರು. ಆಕೆಯ ಗಂಡ ಥಿಬೋ ಚಳಿಗಾಲದಲ್ಲಿ ತೀರಿಕೊಂಡ, ಗಂಡುಮಕ್ಕಳಿಲ್ಲ, ಗಂಡುಮಕ್ಕಳಿಲ್ಲದ ಒಕ್ಕಲಿನ ನೆಲ ಮಠಕ್ಕೆ. ಅವನ ಅಜ್ಜ ಕಲ್ಲು ಹೊತ್ತು ಕಟ್ಟಿದ ಅಂಚು, ಅವನೇ ನೆಟ್ಟ ಬಳ್ಳಿ, ಬಾವಿ, ಕಲ್ಲಿನ ಗುಡಿಸಲು, ಎಲ್ಲವೂ ತಮ್ಮದಾಯಿತು. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಅಂದಿನಿಂದ ನನ್ನ ಪೀಪಾಯಿ ಕೊಟ್ಟಿಗೆಯಲ್ಲಿ ಹೊಟ್ಟಿನ ಮೇಲೆ ಮಲಗುತ್ತಿದ್ದಾರೆ.

ಒದೆಲಿನ್ ಸುಮ್ಮನಿರಲಿಲ್ಲ, ಮಾನ್ಯರೇ. ಸಾಲು ಸೀಳಿಕೊಂಡು ಮುಂದೆ ಹೋದಳು. ಗುಮಾಸ್ತ ತಲೆಯೆತ್ತದೆ, "ನಿನ್ನ ಕಡೆಯಿಂದ ಮಾತಾಡೋರು ಯಾರಮ್ಮ?" ಎಂದ.

"ಆ ಹುಳಗಳಿಗೆ ಕೊಟ್ಟಿದೀರಲ್ಲ ವಕೀಲರು, ಅವರನ್ನೇ ಅರ್ಧ ಗಳಿಗೆ ನಂಗೂ ಕೊಡಿ ಸ್ವಾಮಿ. ಈ ಚಳಿಗಾಲವೆಲ್ಲ ನಾನೂ ಎಲೆ ಬೇಯಿಸ್ಕೊಂಡೇ ಬದುಕಿರೋದು."

ಜನ ನಕ್ಕರು. ನ್ಯಾಯಾಧೀಶರು ನಗಲಿಲ್ಲ. "ಹುಳು ದೇವರ ಸೃಷ್ಟಿ. ನೀನು ಮಠದ ಸೊತ್ತು. ಸೊತ್ತು ವಾದ ಮಾಡೋದಿಲ್ಲ, ಹೋಗು" ಎಂದರು.

ಆಹಾ, ಎಂಥ ಮಾತು! ಸೈತಾನನ ಪಾತ್ರಕ್ಕೆ ಇಂಥದೊಂದು ಸಾಲು ಸಿಕ್ಕಿದ್ದರೆ ಅಂಗಳವೇ ನಡುಗುತ್ತಿತ್ತು. ಆ ದಿನದಿಂದ ನಮ್ಮ ಊರಿನ ನಲವತ್ತು ಮನೆಗಳವರೂ ದೇವರಲ್ಲಿ ಬೇಡುತ್ತಿರುವುದು ಒಂದೇ: ನಮ್ಮನ್ನು ತಮ್ಮ ಜಾತಿಗೆ ಸೇರಿಸಲಿ, ಆರು ಕಾಲು, ಒಂದು ಸೊಂಡಿಲು, ಒಬ್ಬ ವಕೀಲನನ್ನು ದಯಪಾಲಿಸಲಿ.

ಅದು ಕೈಗೂಡುವವರೆಗೆ ನಮ್ಮದೊಂದು ಸಣ್ಣ ದೂರು. ಶಿಲುಬೆ ಹಿಡಿದು, ಪವಿತ್ರ ಜಲ ಚಿಮುಕಿಸಿ, ಹೊಸ ನೆಲ ತೋರಿಸಲೆಂದು ಇಡೀ ಮಠವೇ ತಮ್ಮ ಮುಂದೆ ಮೆರವಣಿಗೆ ಹೊರಟರೂ ತಮ್ಮಲ್ಲೊಬ್ಬರೂ ಹಿಂದೆ ಬರಲಿಲ್ಲ. ಇಂದಿಗೂ ಮಠದ ತೋಟದಲ್ಲೇ ಊಟ ನಡೆದಿದೆ. ಸಂತೋಷ. ಆದರೆ ಇಳಿಜಾರಿನಲ್ಲಿ ಕಳೆ ಮೊಳಕಾಲುದ್ದ ಬೆಳೆದಿದೆ, ಬಳ್ಳಿ ಸವರುವವರಿಲ್ಲ. ಭೂಮಾಲೀಕರೆಂದರೆ ಹೀಗೆಯೇ ಇರಬೇಕೆಂಬುದನ್ನು ತಾವು ಮಠದಿಂದಲೇ ಕಲಿತಿರಬಹುದು.

ಅಷ್ಟರಲ್ಲಿ ತೀರ್ಪಿನ ಪ್ರತಿಯನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದರು. ಪಾತ್ರ ಬಾಯಿಪಾಠ ಮಾಡಲೆಂದು ನಾನು ಅಕ್ಷರ ಕಲಿತವನು, ನಿಂತು ಓದಿದೆ. ಗುಮಾಸ್ತನಿಗೆ ಭೂಮಿ ಕೊಡುವ ಪತ್ರವೆಂದರೆ ಗೊತ್ತಿರುವುದು ಒಂದೇ ನಮೂನೆ, ದೊರೆಗಳು ಮಠಕ್ಕೆ ದಾನ ಕೊಡುವಾಗ ಬರೆಯುವುದು. ಪಾಪ, ಅದನ್ನೇ ನಕಲು ಮಾಡಿ, ಮಠ ಎಂದಿದ್ದಲ್ಲೆಲ್ಲ ಹುಳು ಎಂದು ಬರೆದಿದ್ದಾನೆ. ಅದರಂತೆ ಆ ಇಳಿಜಾರು "ಹುಳುಗಳಿಗೂ ಅವರ ಆಶ್ರಯ ಬೇಡಿ ಬಂದ ಸಮಸ್ತ ಒಕ್ಕಲುಗಳಿಗೂ" ಶಾಶ್ವತವಾಗಿ ಸೇರಿದ್ದು. ಅಲ್ಲಿ ಬೆಳೆಯ ಹತ್ತನೇ ಪಾಲು ಒಪ್ಪಿಸುವ ದಶಮಾಂಶವಿಲ್ಲ, ಬಿಟ್ಟಿ ಚಾಕರಿಯಿಲ್ಲ, ಹೊರಗಿನ ಯಾವ ಅಧಿಕಾರಿಯೂ ಕಾಲಿಡುವಂತಿಲ್ಲ. ಕೆಳಗೆ ಬಿಷಪ್ಪರ ಮೊಹರು, ಕೆಂಪು ಮೇಣದಲ್ಲಿ, ರೊಟ್ಟಿಯಷ್ಟು ಅಗಲ.

ನಾನು ಎರಡು ಸಲ ಓದಿ ಹೇಳಿದೆ. ಒದೆಲಿನ್ ಕೇಳಿದಳು, "ಪೆರಿನೆ, ಆ ಹುಳಗಳು ನಮ್ಮನ್ನ ಒಕ್ಕಲು ಅಂತ ಇಟ್ಕೋತಾವಾ?"

ಆದ್ದರಿಂದ ಮಾನ್ಯರೇ, ಈ ಪತ್ರ. ಒದೆಲಿನ್ ಮತ್ತು ಆಕೆಯ ಹೆಣ್ಣುಮಕ್ಕಳನ್ನು ತಮ್ಮ ಆಶ್ರಿತರನ್ನಾಗಿ ಸ್ವೀಕರಿಸಬೇಕು. ಬೇಡವೆಂದರೆ ಮೂರು ದಿನದೊಳಗೆ ತಿಳಿಸಬೇಕು. ನೆಲ ಒಪ್ಪಿಗೆಯೇ ಎಂದು ನ್ಯಾಯಾಲಯ ಕೇಳಿದಾಗ ತಾವು ಮೌನವಾಗಿದ್ದಿರಿ, ಆ ಮೌನವೇ ಸಮ್ಮತಿಯೆಂದು ತೀರ್ಪಿನ ನಾಲ್ಕನೆಯ ಸಾಲಿನಲ್ಲಿದೆ. ನಾವೂ ಅದೇ ಪದ್ಧತಿಯನ್ನು ಪಾಲಿಸುತ್ತೇವೆ. ಗೇಣಿಯಾಗಿ ವರ್ಷಕ್ಕೊಂದು ಬುಟ್ಟಿ ಎಲೆ ಕೊಡುತ್ತೇವೆ, ತಿಂದು ಉಳಿದದ್ದನ್ನು ಕೇಳದ ಧಣಿಗಳು ನಮಗೆ ಈ ಜನ್ಮದಲ್ಲಿ ಸಿಕ್ಕಿರುವುದು ಇದೇ ಮೊದಲು.

ತಮ್ಮ ವಿಶ್ವಾಸಿ, ಅಪ್ಪಣೆಯಾದರೆ ತಮ್ಮ ಒಕ್ಕಲೂ ಆಗಲಿರುವ,
ಪೀಪಾಯಿ ಕಟ್ಟುವ ಪೆರಿನೆ

ಮರೆತ ಮಾತು: ಪತ್ರವನ್ನು ಬಳ್ಳಿಯ ಗೂಟಕ್ಕೆ ಕಟ್ಟಿ ಇಂದಿಗೆ ನಾಲ್ಕು ದಿನ. ತಾವು ಬೇಡವೆನ್ನಲಿಲ್ಲ. ಗುಡಿಸಲಿನ ಒಲೆ ಹೊತ್ತಿದೆ, ಒದೆಲಿನ್ ಬೆಳಗಿನಿಂದ ಕಳೆ ಕೀಳುತ್ತಿದ್ದಾಳೆ, ಇನ್ನೂ ಹನ್ನೊಂದು ಮನೆಯವರು ಆಶ್ರಯ ಬೇಡಿ ಬೇಲಿಯಾಚೆ ಗಂಟುಮೂಟೆಯೊಂದಿಗೆ ನಿಂತಿದ್ದಾರೆ. ಮಠದ ಮೇಸ್ತ್ರಿ ಬಂದಿದ್ದ. ಚರ್ಚಿನ ಬಾಗಿಲಿನಿಂದ ಬಿಡಿಸಿ ತಂದಿದ್ದ ತೀರ್ಪು ತೋರಿಸಿದೆವು, ಬೇಲಿಯ ಹೊರಗೇ ನಿಂತು ಮೊಹರನ್ನೇ ನೋಡಿದ. ತೀರ್ಪು ತಿದ್ದಿಸಲು ಮಠದವರು ತಮ್ಮ ಮೇಲೆ ಹೊಸ ದಾವೆ ಹೂಡುತ್ತಾರಂತೆ. ಹೂಡಲಿ. ಬಾಣಂತಿಯರನ್ನು ಎಳೆಯುವ ಹಾಗಿಲ್ಲವಾದ್ದರಿಂದ, ದಯವಿಟ್ಟು ಮೊಟ್ಟೆಯಿಡುವುದನ್ನು ಮಾತ್ರ ನಿಲ್ಲಿಸಬೇಡಿ ಎಂದು ಒದೆಲಿನ್ ಹೇಳಿ ಕಳಿಸಿದ್ದಾಳೆ.