ಲಿವರಿನ ಕುಡಿಗಳ ಪಥ್ಯ

ಎಲ್ಲದಕ್ಕೂ ಮೂಲ ಕರುಣೆ.

ಲ್ಯಾಬಿನ ಟೆಕ್ನಿಷಿಯನ್ ಪಿತ್ತಕೋಶದ ಕಲ್ಲು ತೆಗೆಸಿಕೊಂಡಾಗ ಡಾಕ್ಟರು ಅವನನ್ನು ಕೇಳಿಯೇ ಲಿವರಿನ ಒಂದು ಚೂರನ್ನೂ ತೆಗೆದು ಲ್ಯಾಬಿಗೆ ಕಳಿಸಿದ್ದರು. ಅದರಿಂದ ಬೆಳೆಸಿದ, ಸಾಸಿವೆ ಕಾಳಿನಷ್ಟೇ ಇರುವ ಪುಟಾಣಿ ಲಿವರುಗಳು ಈಗ ಎರಡು ತಟ್ಟೆಗಳಲ್ಲಿದ್ದವು. ಎರಡಕ್ಕೂ ಕೊಬ್ಬು ಉಣಿಸಿ ಕೆಡಿಸುವುದು, ಒಂದಕ್ಕೆ ಮಾತ್ರ ಹೊಸ ಔಷಧಿ ಹಾಕಿ ನೋಡುವುದು. ಇದು ಲ್ಯಾಬಿನ ಮುಖ್ಯಸ್ಥೆ ಮೇಡಂ ನಡೆಸುತ್ತಿದ್ದ ಪ್ರಯೋಗ. ಉಣಿಸುವ ಕೆಲಸ ಅವನದು.

ಅವನ ಹೊಟ್ಟೆಯೊಳಗಿನ ಲಿವರಿಗೂ ಕೊಬ್ಬು ಹತ್ತಿತ್ತು. ಹೆಂಡತಿ ದಿನಾ ಡಬ್ಬಿಗೆ ಬೇಯಿಸಿದ ತರಕಾರಿ ತುಂಬುತ್ತಿದ್ದಳು. ಅವನು ಅದನ್ನು ಸ್ಟೋರ್‌ಕೀಪರಿಗೆ ದಾಟಿಸಿ ಕ್ಯಾಂಟೀನಿನಲ್ಲಿ ಕರಿದದ್ದು ತಿನ್ನುತ್ತಿದ್ದ. ನಾಲಿಗೆ ಕೇಳಬೇಕಲ್ಲ! ತಟ್ಟೆಯ ಬಡಪಾಯಿಗಳಿಗೋ ಬೇಡ ಅನ್ನಲು ಬಾಯಿಯೇ ಇಲ್ಲ. ಕರುಳಿನ ಕುಡಿಗಳಲ್ಲದಿದ್ದರೂ ಲಿವರಿನ ಕುಡಿಗಳು ತಾನೆ? ಕೆಲವು ವಾರಗಳಿಂದ ಅವನು ಕೊಬ್ಬನ್ನು ಸಿಂಕಿಗೆ ಸುರಿದು ಅವಕ್ಕೆ ಸಾದಾ ದ್ರವವನ್ನಷ್ಟೇ ಹಾಕುತ್ತಿದ್ದ. ತನ್ನದೊಂದು ಲಿವರಾದರೂ ನೆಟ್ಟಗಿರಲಿ ಎಂದು ಅವನಿಗೆ ನಿಜವಾಗಿಯೂ ಅನಿಸಿತ್ತು.

ಇವತ್ತು ಬೆಳಿಗ್ಗೆ ಮೇಡಂ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಕೂಗಿದರು.

"ಔಷಧಿ ಹಾಕಿದ್ದೂ ಚೆನ್ನಾಗಿದೆ, ಹಾಕದೇ ಇರೋದೂ ಚೆನ್ನಾಗಿದೆ! ಏನ್ರೀ ಇದು?"

ಇಡೀ ಲ್ಯಾಬು ಓಡಿ ಬಂತು.

"ಆ ಹೊಸ ಹುಡುಗಿ ಎರಡಕ್ಕೂ ಔಷಧಿ ಹಾಕಿರ್ತಾಳೆ ಬಿಡಿ," ಎಂದು ಸ್ಟೋರ್‌ಕೀಪರ್ ಯಾರೂ ಕೇಳದಿದ್ದರೂ ತೀರ್ಪು ಕೊಟ್ಟ.

ಮೊನ್ನೆ ಮೊನ್ನೆ ಸಂಶೋಧನೆಗೆ ಸೇರಿದ ಹುಡುಗಿ ಕಣ್ಣು ತುಂಬಿಕೊಂಡು ಟೆಕ್ನಿಷಿಯನ್ ಕಡೆ ತಿರುಗಿದಳು. "ಅಣ್ಣಾ, ನೀವಾದ್ರೂ ಹೇಳಿ. ನಾನು ಆ ತಟ್ಟೆ ಮುಟ್ಟೇ ಇಲ್ಲ."

"ನಾಳೆಯಿಂದ ನೀನು ಬರೋದು ಬೇಡ," ಎಂದರು ಮೇಡಂ.

ಬಾಯಿ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ, ಬಿಡದಿದ್ದರೆ ಅವಳದು. ಟೆಕ್ನಿಷಿಯನ್ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಒದ್ದಾಡಿದ. ಹುಡುಗಿ ಬ್ಯಾಗು ಎತ್ತಿಕೊಂಡಾಗ ತಡೆಯಲಾಗಲಿಲ್ಲ.

"ಅವಳಲ್ಲ ಮೇಡಂ, ನಾನು. ಕೊಬ್ಬು ಹಾಕ್ಲೇ ಇಲ್ಲ. ಪಾಪ ಅನ್ನಿಸ್ತು."

ಮೇಡಂ ಅವನನ್ನೇ ದಿಟ್ಟಿಸಿದರು. "ಹೊಟ್ಟೆ ಒಳಗಿರೋ ಲಿವರ್ ಬಗ್ಗೆ ಪಾಪ ಅನ್ಸಲ್ವಾ?"

"ಅದು ಪಥ್ಯದಲ್ಲಿದೆ ಮೇಡಂ."

"ಪಥ್ಯ ನನ್ನ ಹೊಟ್ಟೇಲಿದೆ," ಎಂದ ಸ್ಟೋರ್‌ಕೀಪರ್.

ಮೇಡಂ ನಕ್ಕುಬಿಟ್ಟರು. ಇಬ್ಬರ ಕೆಲಸವೂ ಉಳಿಯಿತು. ಆದರೆ ಅವನ ಹೆಂಡತಿಗೆ ಫೋನ್ ಹೋಯಿತು. ಪ್ರಯೋಗ ಮೊದಲಿಂದ ಶುರು, ಉಣಿಸುವುದು ಅವನೇ, ನಿಂತು ನೋಡುವುದು ಹುಡುಗಿ ಎಂದು ಅಪ್ಪಣೆಯಾಯಿತು. ಅವನ ಊಟವನ್ನೂ ಆ ಹುಡುಗಿಯೇ ನಿಂತು ನೋಡಬೇಕೆಂದು ಹೆಂಡತಿ ಫೋನಿನಲ್ಲೇ ಸೇರಿಸಿದಳು.

ಮಧ್ಯಾಹ್ನ ಅವನು ತಟ್ಟೆಗಳಿಗೆ ಕೊಬ್ಬು ಹಾಕಿ, ಕೈ ತೊಳೆದು, ಪಕ್ಕದ ಕೋಣೆಯಲ್ಲಿ ಡಬ್ಬಿ ತೆರೆದ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಎರಡೂ ಅವನ ಕಣ್ಣೇ. ಅರ್ಧ ತಿಂದು ಮುಚ್ಚಳ ಹಾಕಲು ಹೋದ.

"ಅಣ್ಣಾ," ಎಂದಳು ಅವನು ಉಳಿಸಿದ ಹುಡುಗಿ, "ಪೂರ್ತಿ."