ಹಲ್ಲು ನೋಡಿ ಕಟ್ಟಿದ ಫುಟ್‌ಬಾಲ್ ತಂಡ

ಮಕ್ಕಳಿಗೆ ಫುಟ್‌ಬಾಲ್ ಕಲಿಸುವುದರಲ್ಲಿ ಅಂಥ ಕಷ್ಟವೇನಿದೆ? ಒಂದು ಚೆಂಡು ಬೇಕು, ಒಂದು ಬಯಲು ಬೇಕು, ಒಂದು ಸೀಟಿ ಬೇಕು. ಚೆಂಡು ಶಾಲೆಯಲ್ಲಿತ್ತು. ಬಯಲು ನಮ್ಮ ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಬೇಕಾದಷ್ಟಿತ್ತು. ಸೀಟಿಯನ್ನು ನಾನೇ ಕೊಂಡೆ. ಅಲ್ಲಿಗೆ ನಾನು ತರಬೇತುದಾರನಾದೆ!

ಅದಕ್ಕೂ ಮೊದಲು ನಾನು ಪೇಟೆಯಲ್ಲಿ ಮನೆಯ ಮುಂಭಾಗದಲ್ಲೇ ಸೀರೆ ಅಂಗಡಿ ಇಟ್ಟುಕೊಂಡ ಬಡಪಾಯಿ ಈರಣ್ಣ. ಕ್ರೀಡೆಗೂ ನನಗೂ ಇದ್ದ ಸಂಬಂಧವೆಂದರೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಪಂದ್ಯ ನೋಡುತ್ತಾ ಪರದೇಶದ ಆಟಗಾರರನ್ನು ಬೈಯುವುದು. ಇದನ್ನು ದಿನವೂ ಕೇಳಿಸಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ಗಿರಿಜಕ್ಕನ ಮಗಳು ಕಾವೇರಿ. ಶಾಲೆಯ ಆಟದ ಮಾಸ್ತರರನ್ನು ಬೇರೆ ಊರಿಗೆ ಹಾಕಿದ್ದರು. ನರಗುಂದದ ಮಕ್ಕಳೊಡನೆ ಪಂದ್ಯ ಗೊತ್ತಾಗಿಬಿಟ್ಟಿತ್ತು. ಒಂದು ಸಂಜೆ ಕಾವೇರಿ ಇಡೀ ತಂಡವನ್ನು ಕಟ್ಟಿಕೊಂಡು ಅಂಗಡಿಗೇ ಬಂದಳು.

"ಕಾಕಾ, ನೀವು ಎಲ್ಲಾ ದೇಶದವ್ರಿಗೂ ಹ್ಯಾಂಗ ಆಡಬೇಕಂತ ಕುಂತಲ್ಲೇ ಹೇಳ್ತೀರಿ. ನಮಗೂ ಒಂದೀಟು ಹೇಳ್ರಿ."

ಹೊಗಳಿಕೆಯೋ ಚೇಷ್ಟೆಯೋ ತಿಳಿಯಲಿಲ್ಲ. ಒಪ್ಪಿಕೊಂಡೆ. ಆದರೆ ಕಾವೇರಿ ಮನೆಗೆ ಹೋದ ಮೇಲೆ ಗಿರಿಜಕ್ಕ ಬಂದಳು. ಅವಳು ಸೂಡಿಯ ಒಕ್ಕಲುತನದ ಮನೆಯ ಹೆಣ್ಣುಮಗಳು, ಮಾತಿನಲ್ಲಿ ಮುಚ್ಚುಮರೆ ಇಲ್ಲ.

"ಅಣ್ಣಾರ, ಇಡೀ ತಂಡದಾಗ ಹುಡುಗಿ ಅಂದ್ರ ನಮ್ಮಾಕಿ ಒಬ್ಬಾಕಿ. ಆಕಿ ಆಸೆಕ್ಕ ನಾ ಹೂಂ ಅಂದೇನಿ. ಕಾಲಿಗೆ ಒಂದು ತ್ರಾಸ ಆತಂದ್ರ ಮಾತ್ರ ಮುಗೀತು ನೋಡ್ರಿ, ಮತ್ತ ಚೆಂಡು ಮುಟ್ಟಗೊಡೂದಿಲ್ಲ."

"ಅದರ ಚಿಂತಿ ನನಗ ಬಿಡವಾ," ಎಂದೆ. ನನ್ನ ಹೆಂಡತಿ ಸುಮಂಗಲಾ ಒಳಗಿನಿಂದಲೇ ಕೆಮ್ಮಿದಳು. ಮದುವೆಯಾದಾಗಿನಿಂದ ಆ ಕೆಮ್ಮಿನ ಅರ್ಥ ನನಗೆ ಚೆನ್ನಾಗಿ ಗೊತ್ತು. ಆದರೂ ಲಕ್ಷ್ಯ ಕೊಡಲಿಲ್ಲ.

ಮೊದಲ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಾಗ ನನ್ನ ತಲೆಯೊಳಗೆ ಒಂದು ಹುಳು ಹೊಕ್ಕಿತು. ಎಲ್ಲರೂ ಒಂದೇ ತರಗತಿಯವರು. ಆದರೆ ಕಾವೇರಿ ನನ್ನ ಹೆಗಲಿಗೆ ಬರುತ್ತಾಳೆ, ಮುತ್ತು ಎಂಬ ಹುಡುಗ ಅವಳ ಹೆಗಲಿಗೆ ಬರುತ್ತಾನೆ, ಬಸು ಎಂಬುವನು ಎತ್ತರಕ್ಕೆ ಬೆಳೆಯುವುದನ್ನು ಬಿಟ್ಟು ಅಗಲಕ್ಕೆ ಬೆಳೆದಿದ್ದಾನೆ. ಒಂದೇ ವಯಸ್ಸಿನವರು ಹೀಗೇಕೆ? ಮಕ್ಕಳು ವರ್ಷವಿಡೀ ಬೆಳೆಯುತ್ತಾರೋ, ಹಂಗಾಮು ನೋಡಿ ಬೆಳೆಯುತ್ತಾರೋ? ಮೊದಲು ಕಾಲು ಬೆಳೆಯುತ್ತದೋ, ಬೆನ್ನೋ? ಅಂಗಡಿಯಿಂದ ಮೀಟರು ಕೋಲು ತಂದು ಒಬ್ಬೊಬ್ಬರನ್ನೇ ಅಳೆದೆ. ಬಟ್ಟೆ ಅಳೆಯುವ ಅಭ್ಯಾಸಬಲದಿಂದ ಕೊನೆಗೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೂ ಅಳೆದೆ. ಅದರಿಂದ ತಂಡದ ಎತ್ತರ ಹೆಚ್ಚಾಯಿತೇ ಹೊರತು ನನ್ನ ಜ್ಞಾನ ಹೆಚ್ಚಾಗಲಿಲ್ಲ.

ಊಟದ ಹೊತ್ತಿನಲ್ಲಿ ಸುಮಂಗಲಾಳನ್ನು ಕೇಳಿದೆ. "ಅಲ್ಲಾ, ಮಕ್ಕಳ ಎಲುಬು ಮ್ಯಾಲಿಂದ ಬೆಳೀತಾವೋ, ಕೆಳಗಿಂದ ಬೆಳೀತಾವೋ?"

"ನೀವು ಹಿಂಗ ಕೇಳಾಕ ಹತ್ತಿದ್ರ ನನಗ ಅಂಜಿಕಿ ಬರತೈತ್ರಿ. ಹ್ವಾದ ಸಲ ಮಿಕ್ಸರ್ ಯಾಕ ಗುಂಯ್ ಅಂತೈತಿ ಅಂತ ಕೇಳಿದ್ರಿ. ಈಗ ನಾ ಒಳಕಲ್ಲಾಗ ಚಟ್ನಿ ಅರಿಯಾಕತ್ತೇನಿ."

ಕುತೂಹಲವಿರುವ ಮನುಷ್ಯನಿಗೆ ಮನೆಯಲ್ಲಿ ಮರ್ಯಾದೆ ಇಲ್ಲ. ಫೋನಿನ ಮೊರೆ ಹೊಕ್ಕೆ. ಯಾರೋ ಪಂಡಿತರು ಒಂದು ವಿಡಿಯೋದಲ್ಲಿ ಬಹಳ ಗಂಭೀರವಾಗಿ ಹೇಳುತ್ತಿದ್ದರು: ಮಕ್ಕಳ ತರಬೇತಿಗೆ ಹುಟ್ಟಿದ ವರ್ಷ ಒಂದೇ ಸಾಲದು, ದೇಹದ ವಯಸ್ಸು ನೋಡಬೇಕು. ಅದನ್ನು ನೋಡಿ ವ್ಯಾಯಾಮ ಗೊತ್ತುಮಾಡಬೇಕು. ಆಹಾ! ನನ್ನ ಪ್ರಶ್ನೆಗೆ ಪ್ರಪಂಚವೇ ಉತ್ತರ ಕೊಟ್ಟಿತೆಂದು ಹಿಗ್ಗಿದೆ. ದೇಹದ ವಯಸ್ಸು ನೋಡುವುದು ಹೇಗೆ ಎಂದು ಅವರು ಶುರುಮಾಡುವಷ್ಟರಲ್ಲಿ ಕರೆಂಟು ಹೋಯಿತು, ಇಂಟರ್ನೆಟ್ಟೂ ಅದರ ಹಿಂದೆಯೇ ಹೋಯಿತು. ಅಷ್ಟರಲ್ಲಿ ಉತ್ತರ ನನಗೇ ಹೊಳೆದಿತ್ತು.

ನಮ್ಮಪ್ಪ ಅಂಗಡಿಕಾರನಾದರೂ ಎತ್ತುಗಳ ಹುಚ್ಚಿನವನು. ದನದ ಸಂತೆಯಲ್ಲಿ ಹೋರಿಯ ತುಟಿ ಎತ್ತಿ ಒಂದು ಸಲ ನೋಡಿದರೆ ಸಾಕು, ಹಾಲು ಹಲ್ಲೋ, ಎರಡು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ ಹೇಳಿಬಿಡುತ್ತಿದ್ದ. ಮಾರುವವನು ಎಷ್ಟೇ ಸುಳ್ಳು ಹೇಳಲಿ, ಹಲ್ಲು ಸುಳ್ಳು ಹೇಳುವುದಿಲ್ಲ. ಎತ್ತಿಗೆ ನಡೆದದ್ದು ಮಕ್ಕಳಿಗೆ ಯಾಕೆ ನಡೆಯಬಾರದು?

ಮರುದಿನ ಸಂಜೆ ಬಯಲಿನಲ್ಲಿ ದಂತ ತಪಾಸಣೆ ನಡೆಯಿತು. "ಆ ಅನ್ರಿ" ಎಂದೆ. ಎಲ್ಲರೂ ಸೂರ್ಯನಿಗೆ ಮುಖ ಮಾಡಿ ಬಾಯಿ ತೆರೆದು ನಿಂತರು. ದಾರಿಯಲ್ಲಿ ಹೋಗುತ್ತಿದ್ದ ಟಂಟಂ ಗಾಡಿಯವನು ಗಾಡಿ ನಿಲ್ಲಿಸಿಯೇ ನೋಡಿದ. ನಾನು ಹಿಂಜರಿಯಲಿಲ್ಲ. ಶಾಸ್ತ್ರೋಕ್ತವಾಗಿ ಮೂರು ಗುಂಪು ಮಾಡಿದೆ: ಹಾಲು ಹಲ್ಲು ಇನ್ನೂ ಉಳಿದವರಿಗೆ ಬರೀ ಆಟ, ಹಲ್ಲು ಬೀಳುತ್ತಿರುವವರಿಗೆ ಓಟ, ಬಾಯಿಗೂಡಿದವರಿಗೆ ಭಾರ!

ಫಲಿತಾಂಶ ನೋಡಿ ನನಗೇ ಸ್ವಲ್ಪ ಮುಜುಗರವಾಯಿತು. ಗುಂಡಗೆ ಗುಡಾಣದಂತಿದ್ದ ಬಸುವಿಗೆ ಎರಡು ಹಾಲು ಹಲ್ಲು ಗಟ್ಟಿಯಾಗಿ ಕೂತಿದ್ದವು. ಅವನು ಎಳೆಯರ ಗುಂಪಿಗೆ ಹೋಗಿ ಆನಂದದಿಂದ ಮಣ್ಣಿನಲ್ಲಿ ಕೂತುಬಿಟ್ಟ. ಗುಬ್ಬಿಯಂಥ ಮುತ್ತುವಿಗೆ ಎಲ್ಲ ಹಲ್ಲೂ ಬಂದಿದ್ದವು. ಅವನು ಭಾರ ಹೊರುವವರ ಗುಂಪಿಗೆ! ಕಾವೇರಿಯೂ ಅದೇ ಗುಂಪಿಗೆ. "ಕಾಕಾ, ಮುತ್ತೂನ್ನ ಚೀಲದಾಗ ಹಾಕ್ಕೊಂಡು ನಾನ ಹೊರತೇನಿ, ಭಾರಕ್ಕ ಭಾರಾನೂ ಆತು," ಎಂದಳು ಆಕೆ. ಶಿಸ್ತಿಲ್ಲದ ಮಾತು. ಸೀಟಿ ಊದಿದೆ.

ಭಾರಕ್ಕೆ ಏನು ತರುವುದು? ಅಂಗಡಿಯಲ್ಲಿ ಸೀರೆಯ ಗಂಟುಗಳಿದ್ದವು. ಅವನ್ನೇ ಬೆನ್ನಿಗೆ ಕಟ್ಟಿ ಗುಡ್ಡದ ಮೆಟ್ಟಿಲು ಹತ್ತಿಸಿ ಇಳಿಸಿದೆ. ಇಳಿಯುವಾಗ ಎರಡೆರಡು ಮೆಟ್ಟಿಲು ಜಿಗಿಯಬೇಕೆಂದು ನನ್ನ ಕಡೆಯಿಂದ ಒಂದು ಹೊಸ ಆವಿಷ್ಕಾರವನ್ನೂ ಸೇರಿಸಿದೆ. ಆ ವಾರವೆಲ್ಲ ಇದು ನಡೆಯಿತು. ನಾನು ಕೆಳಗೆ ನೆರಳಿನಲ್ಲಿ ನಿಂತು ಉತ್ತೇಜನ ಕೊಟ್ಟೆ.

ಮೊದಲು ಸಿಡಿದವಳು ಸುಮಂಗಲಾ. ಮದುವೆಗೆಂದು ಸೀರೆ ನೋಡಲು ರಾಜೂರಿನಿಂದ ಬಂದವರ ಮುಂದೆ ಗಂಟು ಬಿಚ್ಚಿದ್ದಳು. "ಸೆರಗಿನ್ಯಾಗ ಯಾರದೋ ಬೆವರಿನ ಕಲೆ, ಅಂಚಿನ್ಯಾಗ ಗುಡ್ಡದ ಕಸ! ಅವ್ರು ಏನಂದ್ರು ಗೊತ್ತೈತೇನ್ರಿ? ಉಟ್ಟು ಬಿಟ್ಟ ಸೀರಿ ಮಾರತೀರೇನಂದ್ರು!"

ಅದಕ್ಕೆ ಉತ್ತರ ಹುಡುಕುತ್ತಿರುವಾಗಲೇ ಮಕ್ಕಳ ತಾಯಂದಿರು ಬಂದರು. ಹಲ್ಲಿನ ಸುದ್ದಿ ಊರು ಸುತ್ತಿ ಬಂದಿತ್ತು. ಬಸುವಿನ ತಾಯಿ ಸೆರಗು ಸೊಂಟಕ್ಕೆ ಸಿಗಿಸಿ ಕೇಳಿದಳು: "ಸಾವ್ಕಾರ್ರ, ನಮ್ಮ ಹುಡುಗನ ಹಲ್ಲು ನೋಡೀರಂತ. ಎಷ್ಟಕ್ಕ ಕುದರ್ತೈತ್ರಿ ಯವಾರ?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆಗ ಗುಂಪಿನ ಹಿಂದೆ ಗಿರಿಜಕ್ಕ ಕಂಡಳು. ಅವಳು ನಗುತ್ತಿರಲಿಲ್ಲ. ಅವಳ ತೋಳು ಹಿಡಿದುಕೊಂಡು ಕಾವೇರಿ ಒಂದು ಹಿಮ್ಮಡಿಯನ್ನು ನೆಲಕ್ಕೆ ಊರದೆ ನಿಂತಿದ್ದಳು.

ನನ್ನ ನಗು ಅಲ್ಲೇ ಇಂಗಿತು. ತಾಯಿ ಮಗಳಿಬ್ಬರನ್ನೂ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಹಿಮ್ಮಡಿಯನ್ನು ಎರಡೂ ಬದಿಗೆ ಒತ್ತಿ ನೋಡಿದರು. ಕಾವೇರಿ ಹಲ್ಲು ಕಚ್ಚಿದಳು. ಅಳಲಿಲ್ಲ, ಒಂದೇ ಮಾತು ಕೇಳಿದಳು: "ನರಗುಂದದ ಮ್ಯಾಚಿಗೆ ಆರಾಮ ಆಗತೈತ್ರ್ಯಾ?"

"ಮುರಿದಿಲ್ಲ, ಅಂಜಬ್ಯಾಡ್ರಿ," ಎಂದರು ಡಾಕ್ಟರಮ್ಮ. "ಬೆಳಿಯೂ ಮುಂದ ಹಿಮ್ಮಡಿ ಎಲುಬು ಇನ್ನೂ ಮೆತ್ತಗ ಇರತೈತಿ. ಜಿಗಿದು ಜಿಗಿದು ಎಳತ ಬಿದ್ದೈತಿ. ಭಾರ ಯಾಕ ಹೊರಿಸಿದ್ರಿ?"

"ಈಕಿ ಎತ್ತರ ಅದಾಳ್ರಿ, ಹಲ್ಲೂ ಪೂರಾ ಬಂದಾವು..."

"ಒಮ್ಮಿಗೇ ಎತ್ತರ ಆದವ್ರಿಗೇ ಜ್ವಾಕಿ ಜಾಸ್ತಿ ಬೇಕ್ರಿ. ಮೈ ಬೆಳೆಯೂದ ಅವ್ರಿಗೆ ಒಂದು ದೊಡ್ಡ ಕೆಲಸ ಆಗಿರತೈತಿ." ಅಷ್ಟು ಹೇಳಿ ತಡೆದರು. "ಏನಂದ್ರಿ? ಹಲ್ಲು?"

ವಿವರಿಸಬೇಕಾಯಿತು. ಡಾಕ್ಟರಮ್ಮ ಕೆಲಹೊತ್ತು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಹೆಗಲು ಕುಲುಕುತ್ತಿದ್ದವು.

ಹಾಗಿದ್ದರೆ ಮಕ್ಕಳಿಗೆ ಏನು ಮಾಡಿಸಬೇಕೆಂದು ಕೇಳಿದೆ. ಆ ಸ್ಥಿತಿಯಲ್ಲೂ ನನ್ನ ಕುತೂಹಲ ಸತ್ತಿರಲಿಲ್ಲ! "ಆಡಿಸ್ರಿ," ಎಂದರು. "ಓಡೋದು, ತಿರಗೋದು, ತಪ್ಪಿಸಿಕೊಳ್ಳೋದು ಎಲ್ಲಾ ಆಟದಾಗ ಬರಲಿ. ದಣಿದ್ರ ಕುಂಡ್ರಸ್ರಿ, ನೋವಾದ್ರ ನಿಲ್ಲಸ್ರಿ. ಈಕಿ ನೋವು ಪೂರಾ ಹೋಗೂತನಕ ಜಿಗಿಯೂದು ಬ್ಯಾಡ. ಆಮ್ಯಾಲೆ ಸಾವಕಾಶ ಆಡ್ಲಿ."

"ಇಷ್ಟ ಏನ್ರಿ?"

"ಇಷ್ಟ ಮಾಡಾಕ ದೊಡ್ಡವ್ರಿಗೆ ಭಾಳ ಕಷ್ಟ ಆಗತೈತ್ರಿ."

ಗಿರಿಜಕ್ಕ ಮಗಳ ತೋಳು ಹಿಡಿದು ಮನೆಗೆ ನಡೆಸಿಕೊಂಡು ಬಂದಳು. ಮನೆ ಬಾಗಿಲಲ್ಲಿ ನಿಂತು ಹೇಳಿದಳು: "ಅಣ್ಣಾರ, ಹಲ್ಲು ನೋಡೂದು ಕೊಳ್ಳೂ ಮುಂದ. ದುಡಿಸೂ ಮುಂದ ಉಸಿರು ನೋಡತಾರ. ನಮ್ಮ ಮನ್ಯಾಗ ಹೋರಿನ್ನೂ ಹಿಂಗ ಹೂಡಂಗಿಲ್ಲ." ಬಾಗಿಲು ಹಾಕಿದಳು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ. ಆ ಸಂಜೆ ಸುಮಂಗಲಾ ಕೂಡ ಬೈಯಲಿಲ್ಲ, ತಾಟಿಗೆ ರೊಟ್ಟಿ ಹಾಕಿಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬಯಲಿಗೆ ಹೋದರೆ ಕಾವೇರಿ ಬಂದಿದ್ದಳು! ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಗಿರಿಜಕ್ಕ ಪೊಲೀಸಿನವರಂತೆ ಕಾವಲಿದ್ದಳು. ಕೂತು ನೋಡಲಷ್ಟೇ ಅಪ್ಪಣೆಯಂತೆ. ಆದರೆ ಆ ಹುಡುಗಿ ನೋಡಿಕೊಂಡು ಸುಮ್ಮನಿರುವವಳೇ? ನಾನು ಸೀಟಿ ಬಾಯಿಗಿಡುವ ಮೊದಲೇ ಕೂತಲ್ಲಿಂದ ಆಟ ಕಟ್ಟಿದಳು. ಕಾಲಲ್ಲಿ ಚೆಂಡು ಇಟ್ಟುಕೊಂಡೇ ಮುಟ್ಟಾಟ. ಮುಟ್ಟಿಸಿಕೊಂಡವನು ಒಂದೇ ಕಾಲಲ್ಲಿ ಕುಂಟುತ್ತಾ ಗೆರೆ ದಾಟಬೇಕು. ಬಸು ಓಡಿದ, ಬಿದ್ದ, ನಗುತ್ತಾ ಎದ್ದ. ಮುತ್ತು ಎಲ್ಲರ ಕಾಲ ಸಂದಿಯಲ್ಲಿ ಚೆಂಡು ತೂರಿಸಿ ಪಾರಾಗುತ್ತಿದ್ದ. ಅವನು ಅಷ್ಟು ಚುರುಕೆಂದು ಗಂಟು ಹೊರಿಸಿದಾಗ ನನಗೆ ಹೇಗೆ ತಿಳಿಯಬೇಕು? "ಬಸು, ಬಾಯಿಲೆ ಉಸಿರು ಬಿಡಾಕತ್ತಿ, ಕುಂದರು," ಎಂದು ಕಾವೇರಿ ಕೂಗಿದಳು. ಅವನು ಕೂತ. ಮತ್ತೆ ತಾನೇ ಎದ್ದುಹೋದ.

ನನಗೆ ತಡೆಯಲಾಗಲಿಲ್ಲ. ಕುಂಟುವಾಗ ಯಾವ ಸ್ನಾಯು ಕೆಲಸ ಮಾಡುತ್ತದೆ ಎಂದು ಸ್ವತಃ ತಿಳಿಯುವ ಆಸೆಯಾಯಿತು. ಪಂಚೆ ಎತ್ತಿ ಕಟ್ಟಿ ಇಳಿದೆ. ಕುಂಟಿದೆ. ಸ್ನಾಯು ತಿಳಿಯಿತು! ತೊಡೆಯ ಹಿಂಭಾಗ ಹಿಡಿದುಕೊಂಡು ಬಯಲಿನ ನಟ್ಟನಡುವೆ ಕುಸಿದೆ. ಗಿರಿಜಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. ಸೆರಗಿನಾಚೆಗೂ ನಗು ಕೇಳಿಸಿತು.

ದಿನ ಕಳೆದಂತೆ ಕಾವೇರಿಯ ಹಿಮ್ಮಡಿ ನೋವು ಹೋಯಿತು. ಡಾಕ್ಟರಮ್ಮ ಇನ್ನೊಮ್ಮೆ ಒತ್ತಿ ನೋಡಿ, ಸ್ವಲ್ಪ ಹೊತ್ತು ಆಡಲಿ ಎಂದರು. ನಾನು ಗಿರಿಜಕ್ಕನ ಮುಖ ನೋಡಿದೆ.

"ಕಳಸ್ತೇನಿ," ಎಂದಳು. "ಆದ್ರ ಒಂದು ಕರಾರು. ನೀವು ಏನೂ ಕಲಸಬಾರದು."

ಒಪ್ಪಿದೆ. ಒಪ್ಪದೆ ಏನು ಮಾಡಲಿ? ನರಗುಂದಕ್ಕೆ ನಾನೂ ಬಸ್ಸು ಹತ್ತಿದೆ. ಪಂದ್ಯದಲ್ಲಿ ನಮ್ಮವರು ಸೋತರು. ಆದರೆ ಕಾವೇರಿ ಆಡಿದಷ್ಟು ಹೊತ್ತು ಒಮ್ಮೆಯೂ ಕುಂಟಲಿಲ್ಲ. ಗಿರಿಜಕ್ಕ ಎದ್ದು ನಿಂತು "ಒದಿ, ಜಾಡಿಸಿ ಒದಿ!" ಎಂದು ಕೂಗುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಸೋತ ಮೇಲೂ ನಮ್ಮ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿರುವುದನ್ನು ಕಂಡು ನರಗುಂದದ ಮಾಸ್ತರರು ನನ್ನ ಬಳಿ ಬಂದರು.

"ಭಾಳ ಖುಷೀಲೆ ಆಡತಾವ್ರಿ ನಿಮ್ಮ ಮಕ್ಕಳು. ಯಾರ್ರಿ ಇವ್ರಿಗೆ ತಾಲೀಮು ಕೊಡವ್ರು?"

ನಾನು ಅಂಗಿ ಸರಿಪಡಿಸಿಕೊಂಡು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ನೀರು ಕುಡಿಯಲು ಬಂದ ಕಾವೇರಿ ನನ್ನ ಕಡೆ ನೋಡಿ, ಬಹಳ ಮರ್ಯಾದೆಯಿಂದಲೇ ಹೇಳಿದಳು:

"ನಾವ ಆಡ್ಕೊಂತೇವ್ರಿ ಸರ. ಕಾಕಾರು ಚಪ್ಪಲಿ ಕಾಯಾಕ ಬಂದಾರ."