ಮುನ್ನೂರ ಅರವತ್ತೈದನೆಯ ನಿಷೇಧ

ಸಾವಿರದ ಒಂಬೈನೂರ ತೊಂಬತ್ತೊಂಬತ್ತನೆಯ ಇಸವಿಯಲ್ಲಿ ಕಡಲಾಚೆಯ ಕ್ಯಾಂಪ್‌ಬೆಲ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳ ಸಮಿತಿಯು, ತನ್ನ ನಿಯಮಗಳ ಸಂಖ್ಯೆ ಆರುನೂರ ಹದಿಮೂರು ಎಂದು ಸರ್ವಾನುಮತದಿಂದ ನಿಗದಿಪಡಿಸಿತು. ಆಗ ಇದ್ದ ನಿಯಮ ನಲವತ್ತೊಂದು. ಮಿಕ್ಕವು ಯಾವುವೆಂದು ಆಮೇಲೆ ನೋಡಿಕೊಳ್ಳತಕ್ಕದ್ದೆಂದೂ ತೀರ್ಮಾನವಾಯಿತು.

ಸಂಖ್ಯೆ ಸಿಕ್ಕಿದ್ದು ಹನ್ನೆರಡನೇ ನಂಬರಿನ ಹೈಮನ್ ತಾತನಿಂದ. ಯೆಹೂದಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತವಾದ ಜೀವ ಅದು. ತಮ್ಮ ಗ್ರಂಥದಲ್ಲಿ ದೇವರ ಅಪ್ಪಣೆಗಳು ಆರುನೂರ ಹದಿಮೂರು; ಮಾಡು ಅನ್ನುವವು ಇನ್ನೂರ ನಲವತ್ತೆಂಟು, ಮಾಡಬೇಡ ಅನ್ನುವವು ವರ್ಷದ ದಿನಗಳಷ್ಟು ಅಂತ ಕಾಫಿ ಕುಡಿಯುತ್ತ ಹೇಳಿತ್ತು, ಅಷ್ಟೇ. ಸಮಿತಿಯ ಅಧ್ಯಕ್ಷ ಶೇಷಾದ್ರಿ ಸಾಫ್ಟ್‌ವೇರಿನವರು. ಮಾರನೇ ದಿನವೇ ವೆಬ್‌ಸೈಟು ಮಾಡಿ ನಿಯಮಕ್ಕೊಂದರಂತೆ ಆರುನೂರ ಹದಿಮೂರು ಖಾಲಿ ಮನೆ ಕೊರೆದಿಟ್ಟರು. ಎಲ್ಲ ಮನೆ ತುಂಬಿದರೆ ವೆಬ್‌ಸೈಟಿಗೆ ಬಂಡವಾಳ ಹಾಕುವವರು ಓಡಿ ಬರುತ್ತಾರಂತೆ.

ನಿಷೇಧಗಳು ಮುನ್ನೂರ ಅರವತ್ತನಾಲ್ಕಕ್ಕೆ ಬಂದು ನಿಂತಾಗ ಶೇಷಾದ್ರಿಯವರ ಕಣ್ಣು ರೋಷನ್ ಬೀ ಬಾಲ್ಕನಿಯಲ್ಲಿ ಒಣಗುತ್ತಿದ್ದ ಸಂಡಿಗೆಯ ಮೇಲೆ ಬಿತ್ತು. ಪ್ರಕಟಣೆ ಹೊರಟಿತು: "ಈಜುಕೊಳದ ನೀರಿನ ಶುಚಿತ್ವದ ದೃಷ್ಟಿಯಿಂದ ಸಂಡಿಗೆ ಒಣಗಿಸತಕ್ಕದ್ದಲ್ಲ."

ಮೈಸೂರಿನಿಂದ ಬಂದು ಮಗ ಫರಾಜನ ಮನೆಯಲ್ಲಿದ್ದ ರೋಷನ್ ಬೀಗೆ ಎರಡು ನೋಟಿಸು ಬಂದವು. ಮೂರನೆಯದು ಬಂದರೆ ಮನೆ ಖಾಲಿ ಮಾಡತಕ್ಕದ್ದು. ಆ ವರ್ಷ ಆ ಕಡೆಯೆಲ್ಲ ಬಾಡಿಗೆಗೆ ಒಂದು ಗೂಡೂ ಸಿಗುತ್ತಿರಲಿಲ್ಲ. ಆಯಮ್ಮ ಮೀಟಿಂಗಿಗೇ ಹೋದಳು.

"ಏನಪ್ಪಾ ಶೇಷಾದ್ರಿ, ನನ್ನ ಸಂಡಿಗೆ ನಿನಗೇನು ಮಾಡ್ತು? ಹೋದ ತಿಂಗಳು ಒಂದು ಡಬ್ಬಿ ತಿಂದೆಯಲ್ಲ!"

"ರುಚಿಯಾಗಿತ್ತಮ್ಮಾ. ಆದರೆ ಇದನ್ನು ತೆಗೆದರೆ ಮುನ್ನೂರ ಅರವತ್ತನಾಲ್ಕು ಆಗುತ್ತೆ. ವರ್ಷಕ್ಕೆ ಒಂದು ದಿನ ಕಡಿಮೆ!"

"ಇದನ್ನು ತೆಗೆದು, ಸಾಕುಪ್ರಾಣಿ ನಿಷೇಧವನ್ನು ನಾಯಿ ಒಂದು, ಬೆಕ್ಕು ಒಂದು ಅಂತ ಬಿಡಿಸಿ ಬರೆಯೋಣವೇ?" ಎಂದರು ಖಜಾಂಚಿ ಊರ್ಮಿಳಾ.

ಹೈಮನ್ ತಾತ ಕೂಡದೆಂದು ತಲೆಯಾಡಿಸಿತು. ಒಂದೇ ಅಪ್ಪಣೆಯ ವಿವರಗಳನ್ನು ಬೇರೆ ಬೇರೆ ಎಣಿಸಬಾರದಂತೆ. ಸಂಖ್ಯೆಯ ವಿಷಯದಲ್ಲಿ ತಮ್ಮ ಪಂಡಿತರಿಗೆ ಜಗಳವಿಲ್ಲ, ಪಟ್ಟಿಯ ವಿಷಯದಲ್ಲಿ ನೂರಾರು ವರ್ಷದಿಂದ ನಿಂತಿಲ್ಲವಂತೆ. "ಎಷ್ಟೋ ಅಪ್ಪಣೆಗಳು ನಮ್ಮ ಹಳೆಯ ದೇವಾಲಯಕ್ಕೆ ಸೇರಿದವು. ದೇವಾಲಯ ಈಗಿಲ್ಲ. ನಡೆಸೋ ಹಾಗಿಲ್ಲ. ಆದರೂ ಎಣಿಸುತ್ತೇವೆ, ಓದುತ್ತೇವೆ."

ರೋಷನ್ ಬೀ ಸೆರಗು ಸರಿಮಾಡಿಕೊಂಡಳು. "ಹಂಗಾದ್ರೆ ನಮ್ಮ ಕೊಳ ಬಿರುಕು ಬಿಟ್ಟು ಎರಡು ವರ್ಷ ಆಯ್ತಲ್ಲಪ್ಪಾ. ನೀರೇ ಇಲ್ಲ. ನೀರಿಲ್ಲದ ಮೇಲೆ ಯಾವ ಶುಚಿತ್ವ?"

ಸಭೆ ಎದ್ದು ಕಿಟಕಿಗೆ ಹೋಗಿ ಕೊಳವನ್ನು ನೋಡಿ ಬಂತು. ಆಮೇಲೆ ನಿರ್ಣಯ: ನಿಯಮವು ಎಣಿಕೆಯಲ್ಲಿರತಕ್ಕದ್ದು, ಕೊಳ ತುಂಬುವವರೆಗೆ ಜಾರಿಯಲ್ಲಿರತಕ್ಕದ್ದಲ್ಲ. ನೋಟಿಸುಗಳನ್ನು ವಾಪಸು ಪಡೆಯಲಾಯಿತು.

ಮುಂದಿನ ವಾರ ಬಿರುಕು ಮುಚ್ಚುವವನು ಸಿಮೆಂಟು ಹೊತ್ತು ಬಂದ. ಎರಡು ವರ್ಷದಿಂದ ಅವನಿಗಾಗಿ ಕಾದಿದ್ದ ನಿವಾಸಿಗಳೆಲ್ಲ, ಕೊಳ ತುಂಬುವುದೇ ಬೇಡವೆಂದು ಸಹಿ ಹಾಕಿ ಅವನನ್ನು ಹಿಂದಕ್ಕೆ ಕಳಿಸಿದರು.

ಈಗ ಆ ಕೊಳದ ನೀಲಿ ನೆಲದ ಮೇಲೆ ಎಲ್ಲ ಮನೆಯವರ ಸಂಡಿಗೆ ಗರಿಗರಿಯಾಗಿ ಒಣಗುತ್ತದೆ. "ಆಳ ಎಂಟು ಅಡಿ, ಎಚ್ಚರಿಕೆ" ಎಂಬ ಬೋರ್ಡು ಹಾಗೇ ಇದೆ. ವೆಬ್‌ಸೈಟಿನಲ್ಲಿ ಮಾಡತಕ್ಕವುಗಳ ಪಟ್ಟಿಯಲ್ಲಿ ಇನ್ನೂ ಒಂದು ಮನೆ ಖಾಲಿ ಉಳಿದಿತ್ತು, ಅದನ್ನೂ ತುಂಬಿದ್ದಾಯಿತು: ಅಧ್ಯಕ್ಷರು ಕಾಗೆ ಕಾಯತಕ್ಕದ್ದು. ಶೇಷಾದ್ರಿ ಶನಿವಾರ, ಭಾನುವಾರ ಛತ್ರಿ ಹಿಡಿದು ಆಳದ ಕಡೆ ಕೂತಿರುತ್ತಾರೆ. ಲೆಕ್ಕ ಸರಿಯಾಗಿದೆ.